ಉಸಿರಿನ ಲೆಕ್ಕ ಬೇರೆ, ಮೂಳೆಯ ಲೆಕ್ಕ ಬೇರೆ

ನನ್ನ ಓಟದ ದಿನಚರಿ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲದ ಪುಟಗಳು ಕೆಲವಿವೆ. ಮೊದಲನೆಯ ಖಾಲಿ ಪುಟ ಬರುವುದು ನಾನು ಓಡಲು ತೊಡಗಿದ ನಾಲ್ಕನೆಯ ತಿಂಗಳಿನಲ್ಲಿ. ಅದರ ಹಿಂದಿನ ಪುಟದಲ್ಲಿ ‘10 ಕಿಲೋಮೀಟರ್, ಎಲ್ಲೂ ನಿಲ್ಲಲಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಎರಡು ಗೆರೆಗಳಿಗೂ ಅವುಗಳ ಬೆನ್ನಿಗೇ ಬಂದ ಮೂರು ವಾರಗಳ ಮೌನಕ್ಕೂ ಇರುವ ಸಂಬಂಧ ನನಗೆ ಸರಿಯಾಗಿ ಅರ್ಥವಾಗಲು ಎರಡು ವರ್ಷ, ಒಂದು ಹಾಫ್ ಮ್ಯಾರಥಾನ್ ಮತ್ತು ಒಂದು ಅಡೆತಡೆ ಓಟ ಬೇಕಾದವು.

ಪದಕದ ಆಸೆಯಿಂದ ನಾನು ಓಟಕ್ಕೆ ಇಳಿದದ್ದಲ್ಲ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದ್ದುದೇ ಕಾರಣ. ಮೊದಲ ವಾರ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆ. ಎಂಟನೆಯ ವಾರದ ಹೊತ್ತಿಗೆ ಅರ್ಧ ಗಂಟೆ ನಿಲ್ಲದೆ ಓಡುವಂತಾಯಿತು. ಉಸಿರು ಇಷ್ಟು ಬೇಗ ಹದಕ್ಕೆ ಬಂದದ್ದು ನನ್ನ ಹೆಚ್ಚುಗಾರಿಕೆಯೇನಲ್ಲ. ದೇಹದ ಸ್ವಭಾವವೇ ಹಾಗೆ. ನಿಯಮಿತವಾಗಿ ಓಡತೊಡಗಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳುತ್ತದೆ. ಮುಂದಿನ ವಾರಗಳಲ್ಲಿ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳೂ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳೂ ಹೆಚ್ಚಾಗುತ್ತವೆ. ನಿನ್ನೆ ಕಷ್ಟವೆನಿಸಿದ್ದು ಇಂದು ಸಲೀಸಾಗಿ ಆಗುತ್ತಿರುವಾಗ ಯಾರಿಗಾದರೂ ಇನ್ನಷ್ಟು ದೂರ, ಇನ್ನಷ್ಟು ವೇಗ ಎನಿಸುವುದು ಸಹಜ. ನನಗೂ ಹಾಗೆಯೇ ಅನಿಸಿತು, ಮತ್ತು ಅನಿಸಿದ್ದನ್ನೆಲ್ಲ ನಾನು ಮಾಡಿದೆ.

ಮೂಳೆಯ ವಿಷಯ ಬೇರೆಯೇ ಇದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲದಿಂದ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ತಟ್ಟುತ್ತದೆ. ನಿಮಿಷಕ್ಕೆ 160 ಹೆಜ್ಜೆ ಎಂದಿಟ್ಟುಕೊಂಡರೂ ಒಂದು ಗಂಟೆಯ ಓಟದಲ್ಲಿ ಹತ್ತಿರ ಹತ್ತಿರ 10,000 ಬಾರಿ ಪಾದ ನೆಲಕ್ಕೆ ಬಡಿಯುತ್ತದೆ. ಈ ಹೊಡೆತಕ್ಕೆ ಉತ್ತರವಾಗಿ ಮೂಳೆ ಬಲವಾಗುವುದೇನೋ ನಿಜ, ಆದರೆ ಅದಕ್ಕೆ ಮುಂಚೆ ಕೆಲವು ಜೀವಕೋಶಗಳು ಸವೆದ ಹಳೆಯ ಭಾಗವನ್ನು ಕರಗಿಸಿ ತೆಗೆಯಬೇಕು. ಹಾಗೆ ತೆಗೆಯುವ ಕೆಲಸ ಕೆಲವೇ ವಾರಗಳದ್ದು, ತೆಗೆದ ಜಾಗದಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗುವುದು ತಿಂಗಳುಗಳ ಕೆಲಸ. ಹಳೆಯ ಗೋಡೆಯನ್ನು ಕೆಡವಿ ಹೊಸದನ್ನು ಇನ್ನೂ ಕಟ್ಟಿ ಮುಗಿಸದಿರುವ ಮನೆಯಂತೆ, ಆ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಚೆನ್ನಾಗಿದೆ ಎಂಬ ಧೈರ್ಯದ ಮೇಲೆ ನಾನು ದೂರವನ್ನು ಏರಿಸುತ್ತಾ ಹೋದದ್ದು ಸರಿಯಾಗಿ ಅದೇ ಅವಧಿಯಲ್ಲಿ.

ನೋವು ಒಮ್ಮೆಗೇ ಬರಲಿಲ್ಲ. ಮೊದಲು ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳಬದಿಯಲ್ಲಿ, ಓಟದ ಮೊದಲ ಹತ್ತು ನಿಮಿಷ ಮಾತ್ರ ಕಾಣಿಸಿಕೊಂಡು ಆಮೇಲೆ ಮಾಯವಾಗುತ್ತಿತ್ತು. ಮಾಯವಾಗುತ್ತದಲ್ಲ ಎಂದು ನಾನು ಓಡಿದೆ. ಎರಡನೆಯ ವಾರ ಅದು ಓಟದುದ್ದಕ್ಕೂ ಜೊತೆಗೆ ಬಂತು. ಮೂರನೆಯ ವಾರ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗಲೇ ಕಾಲು ಚುರ್ರೆಂದಿತು. ಹೆಬ್ಬೆರಳಿನಿಂದ ಆ ಮೂಳೆಯ ಅಂಚನ್ನು ಪಾದದ ಗಂಟಿನಿಂದ ಮೇಲಕ್ಕೆ ಒತ್ತುತ್ತಾ ಬಂದರೆ ಒಂದು ಗೇಣಿನಷ್ಟು ಉದ್ದಕ್ಕೂ ನೋಯುತ್ತಿತ್ತು. ಆ ಹರಡಿಕೊಂಡ ನೋವೇ ಒಂದು ಸಮಾಧಾನ ಎಂದು ವೈದ್ಯರು ಆಮೇಲೆ ವಿವರಿಸಿದರು: ಶಿನ್ ಸ್ಪ್ಲಿಂಟ್ ಎನ್ನುವ ತೊಂದರೆಯಲ್ಲಿ ನೋವು ಉದ್ದಕ್ಕೆ ಹರಡಿರುತ್ತದೆ, ಮೂಳೆಯಲ್ಲೇ ಸೂಕ್ಷ್ಮ ಬಿರುಕು ಬಿಟ್ಟಿದ್ದರೆ ಬೆರಳ ತುದಿಯಷ್ಟು ಜಾಗದಲ್ಲಿ ಒಂದೇ ಬಿಂದುವಿನಲ್ಲಿ ಚುಚ್ಚುತ್ತದೆ ಮತ್ತು ಹಲವರಿಗೆ ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ. ಹೊಸದಾಗಿ ಓಡುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು. ಎರಡನೆಯ ಬಗೆಯ ನೋವಿನ ಮೇಲೆ ಓಡಿದರೆ ಬಿರುಕು ಪೂರ್ತಿ ಮುರಿತವಾಗುವ ಅಪಾಯವಿದೆ. ಅನುಮಾನವಿದ್ದರೆ ತೋರಿಸಿಕೊಳ್ಳುವುದೇ ಸರಿ.

ಆಮೇಲಿನ ಮೂರು ವಾರ ನಾನು ಓಡಲಿಲ್ಲ. ಕಾಲಿಗಿಂತ ಹೆಚ್ಚು ಮನಸ್ಸು ನೋಯುತ್ತಿತ್ತು. ದಿನವೂ ಒಂದೇ ಹೊತ್ತಿಗೆ ಎಚ್ಚರವಾಗುತ್ತಿತ್ತು, ಶೂಗಳು ಬಾಗಿಲ ಬಳಿಯೇ ಇದ್ದವು, ಗಳಿಸಿದ್ದೆಲ್ಲವೂ ಕರಗಿಹೋಗುತ್ತಿದೆ ಎಂಬ ಭಯ ಬೇರೆ. ಆ ಭಯ ಪೂರ್ತಿ ಆಧಾರವಿಲ್ಲದ್ದಲ್ಲ, ಎರಡು ವಾರ ಬಿಟ್ಟರೆ ದಮ್ಮು ಸ್ವಲ್ಪ ಇಳಿಯುತ್ತದೆ. ಆದರೆ ಇಳಿದದ್ದು ಮತ್ತೆ ಏರಲು ಮೊದಲ ಬಾರಿಯಷ್ಟು ಕಾಲ ಬೇಕಾಗುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಮರಳಿ ಬಂದಾಗ ನಾನು ಕಲಿತದ್ದು ನಿಧಾನವಾಗಿ ಓಡುವುದನ್ನು. ಹೇಳಲು ಸುಲಭ, ಮಾಡಲು ಇದಕ್ಕಿಂತ ಕಷ್ಟದ್ದು ನನ್ನ ಪಾಲಿಗೆ ಇರಲಿಲ್ಲ. ಓಡುತ್ತಲೇ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ, ಇದೇ ಅಳತೆಗೋಲು. ದೂರದ ಓಟದ ದೊಡ್ಡ ಸ್ಪರ್ಧಿಗಳೂ ತಮ್ಮ ಅಭ್ಯಾಸದ ಬಹುಪಾಲನ್ನು ಇಂತಹ ಸುಲಭ ಗತಿಯಲ್ಲೇ ಮಾಡುತ್ತಾರೆ. ಐದು ಓಟಗಳಲ್ಲಿ ನಾಲ್ಕು ನಿಧಾನ, ಒಂದು ಬಿರುಸು ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ. ಕೈಗಡಿಯಾರ ನಿಮಿಷ ನಿಮಿಷಕ್ಕೂ ತೋರಿಸುವ ವೇಗವನ್ನು ನೋಡುತ್ತಾ ಓಡಿದರೆ ಈ ನಿಧಾನ ಎಂದಿಗೂ ಕೈಗೂಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸುಲಭ ಓಟದ ದಿನ ನಾನು ಅದನ್ನು ಬಿಚ್ಚಿಟ್ಟೇ ಹೊರಡುತ್ತೇನೆ. ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬ ಮಾತು ಓಟಗಾರರ ನಡುವೆ ಪ್ರಚಲಿತವಾಗಿದೆ. ನನಗೆ ಅದಕ್ಕಿಂತ ಹೆಚ್ಚು ಒಗ್ಗಿದ್ದು ಮೂರು ವಾರ ಮೆಲ್ಲಗೆ ಏರಿಸಿ ನಾಲ್ಕನೆಯ ವಾರ ಬೇಕೆಂದೇ ಇಳಿಸುವ ಕ್ರಮ. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಏರಿಸಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿದೆ.

ಹಾಫ್ ಮ್ಯಾರಥಾನಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. 21.1 ಕಿಲೋಮೀಟರ್ ದೂರವನ್ನು ಎರಡು ಗಂಟೆ ಹದಿನಾಲ್ಕು ನಿಮಿಷಗಳಲ್ಲಿ, ಕೊನೆಯ ಮೂರು ಕಿಲೋಮೀಟರ್ ಹಲ್ಲು ಕಚ್ಚಿಕೊಂಡು, ಮುಗಿಸಿದೆ. ಕಾಲು ಎಲ್ಲೂ ನೋಯಲಿಲ್ಲ. ಅಂದಿನ ಪುಟದಲ್ಲೂ ಗೆರೆ ಎಳೆದಿದ್ದೇನೆ, ಆದರೆ ಒಂದೇ.

ಅದಾಗಿ ಕೆಲವು ತಿಂಗಳಿಗೆ ಗೆಳೆಯರೊಬ್ಬರ ಒತ್ತಾಯಕ್ಕೆ ಅಬ್‌ಸ್ಟಕಲ್ ರೇಸ್‌ಗೆ ಹೆಸರು ಕೊಟ್ಟೆ. ಓಟದ ದಾರಿಯಲ್ಲಿ ಅಡೆತಡೆ ಇಡುವುದು ಹೊಸ ವಿಚಾರವೇನಲ್ಲ. ಟ್ರ್ಯಾಕಿನ ಮೇಲೆ ನಡೆಯುವ 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 28 ಬಾರಿ ಅಡ್ಡಪಟ್ಟಿಯನ್ನೂ 7 ಬಾರಿ ನೀರಿನ ಹೊಂಡವನ್ನೂ ದಾಟಬೇಕು. ಆದರೆ ಅಲ್ಲಿ ಎಲ್ಲವೂ ಕಾಲಿನ ಕೆಲಸ. ಕೆಸರು, ಗೋಡೆ, ಹಗ್ಗ, ಮುಳ್ಳುತಂತಿ ಇರುವ ಇಂದಿನ ಬಗೆಯ ಓಟಗಳ ಹಿರಿಯಣ್ಣ ಎನ್ನಬಹುದಾದ ಟಫ್ ಗೈ ಸ್ಪರ್ಧೆ ಇಂಗ್ಲೆಂಡಿನಲ್ಲಿ 1987ರಲ್ಲಿ ಆರಂಭವಾಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಐದು ಆಟಗಳನ್ನು ಒಟ್ಟುಗೂಡಿಸಿದ ಮಾಡರ್ನ್ ಪೆಂಟಥ್ಲಾನ್ ಸ್ಪರ್ಧೆಯಲ್ಲಿ ಕುದುರೆ ಸವಾರಿಯ ಜಾಗಕ್ಕೆ ಅಡೆತಡೆ ಓಟ ಬರಲಿದೆ. ನಾನು ಹೆಸರು ಕೊಟ್ಟದ್ದು 10 ಕಿಲೋಮೀಟರಿನ ಓಟಕ್ಕೆ, ನಡುನಡುವೆ 24 ಅಡೆತಡೆಗಳು. ದಾಟಲಾಗದೆ ಹೋದ ಪ್ರತಿಯೊಂದಕ್ಕೂ 30 ಬರ್ಪಿ, ಅಂದರೆ ಕೈಯೂರಿ ನೆಲಕ್ಕೆ ಬಾಗಿ ಮತ್ತೆ ಎದ್ದು ಮೇಲಕ್ಕೆ ನೆಗೆಯುವ ಕಸರತ್ತು, ಶಿಕ್ಷೆ. 21 ಕಿಲೋಮೀಟರ್ ಓಡಿದ ಕಾಲುಗಳಿಗೆ 10 ಕಿಲೋಮೀಟರ್ ಯಾವ ಲೆಕ್ಕ ಎಂದು ನಾನು ಓಟದ ಅಭ್ಯಾಸವನ್ನಷ್ಟೇ ಮುಂದುವರಿಸಿದೆ.

ಮೊದಲ ನಾಲ್ಕು ಕಿಲೋಮೀಟರ್ ನನ್ನದೇ ಆಗಿತ್ತು. ತಗ್ಗು ಗೋಡೆಗಳನ್ನು ಹಾರಿದೆ. ಮುಳ್ಳುತಂತಿಯ ಕೆಳಗೆ ತೆವಳುವುದಕ್ಕಿಂತ ಅಡ್ಡಲಾಗಿ ಉರುಳುವುದು ವೇಗವೆಂದು ಮುಂದಿದ್ದವರನ್ನು ನೋಡಿ ಕಲಿತೆ. ಎಂಟಡಿಯ ಗೋಡೆಯ ಮುಂದೆ ನಾನು ಎರಡು ಬಾರಿ ಜಾರಿ ಬಿದ್ದಾಗ, ಅಪರಿಚಿತರೊಬ್ಬರು ಏನೂ ಕೇಳದೆ ಗೋಡೆಗೆ ಬೆನ್ನು ಕೊಟ್ಟು ತೊಡೆಯನ್ನು ಮೆಟ್ಟಿಲಿನಂತೆ ಬಾಗಿಸಿ ನಿಂತರು. ಕೆಸರು ಮೆತ್ತಿದ ನನ್ನ ಶೂ ಅವರ ತೊಡೆಯ ಮೇಲೆ ಇಡೀ ಅಚ್ಚು ಮೂಡಿಸಿತು. ಗೋಡೆಯ ಮೇಲೆ ಕುಳಿತು ನಾನು ಕೈ ಚಾಚಿದೆ, ಅವರು ಹಿಡಿದು ಹತ್ತಿದರು, ಇಳಿದು ತಮ್ಮ ದಾರಿ ಹಿಡಿದರು. ಗಡಿಯಾರದ ವಿರುದ್ಧ ಓಡುವ ರಸ್ತೆಯ ಓಟದಲ್ಲಿ ನನಗೆ ಇಂತಹದ್ದು ಎಂದೂ ಸಿಕ್ಕಿರಲಿಲ್ಲ.

ಅಡ್ಡಕಂಬಿಗಳನ್ನು ಹಿಡಿದು ತೂಗುತ್ತಾ ಸಾಗುವ ಮಂಕಿ ಬಾರ್‌ನಲ್ಲಿ ನಾಲ್ಕನೆಯ ಕಂಬಿಗೆ ಕೈ ಬಿಟ್ಟುಹೋಯಿತು. 30 ಬರ್ಪಿ. ಮರಳು ತುಂಬಿದ ಬಕೆಟ್ ಹೊತ್ತು ಏರನ್ನು ಹತ್ತಿ ಇಳಿಯುವಷ್ಟರಲ್ಲಿ ಉಳಿದ ಹಿಡಿತವೂ ಸೋರಿಹೋಯಿತು. ಅದರ ಬೆನ್ನಿಗೇ ಹಗ್ಗ ಎದುರಾಯಿತು. ನನಗಿಂತ ಮುಂಚೆ ಹತ್ತಿದವರೆಲ್ಲರ ಕೆಸರೂ ಆ ಹಗ್ಗದ ಎಳೆಗಳೊಳಗೆ ಸೇರಿಕೊಂಡು, ಮುಟ್ಟಿದರೆ ಸಾಬೂನಿನಂತೆ ಜಾರುತ್ತಿತ್ತು. ತುದಿಯಲ್ಲಿ ಒಂದು ಗಂಟೆ ತೂಗುತ್ತಿತ್ತು, ಅದನ್ನು ಬಾರಿಸಿದರೆ ಗೆದ್ದಂತೆ. ಹಗ್ಗವನ್ನು ಒಂದು ಪಾದದ ಕೆಳಗಿನಿಂದ ತಂದು ಇನ್ನೊಂದು ಪಾದದಿಂದ ಅದುಮಿ ನಿಲ್ಲುವ ಉಪಾಯವೊಂದಿದೆ. ಹಾಗೆ ಮಾಡಿದರೆ ತೂಕವೆಲ್ಲ ಕಾಲಿನ ಮೇಲೆ ಬಂದು ಕೈಗೆ ವಿಶ್ರಾಂತಿ ಸಿಗುತ್ತದೆ. ನಾನು ಅದನ್ನು ಓದಿ ತಿಳಿದಿದ್ದೆನೇ ಹೊರತು ಮಾಡಿ ನೋಡಿರಲಿಲ್ಲ. ಬರಿಯ ತೋಳುಗಳ ಬಲದಿಂದ ಮೂರು ಎಳೆತ ಎಳೆದೆ. ನಾಲ್ಕನೆಯದಕ್ಕೆ ಮುಂಗೈಗಳು ಕಲ್ಲಿನಂತೆ ಬಿಗಿದುಕೊಂಡವು, ಮುಷ್ಟಿ ಮುಚ್ಚಬೇಕೆಂದು ಮನಸ್ಸು ಹೇಳುತ್ತಿದ್ದರೂ ಬೆರಳುಗಳು ತಾವಾಗಿ ಒಂದೊಂದೇ ಬಿಚ್ಚಿಕೊಂಡವು.

ಇದನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಹೃದಯಕ್ಕೆ ಆಗ ಆಯಾಸವಾಗಿರಲಿಲ್ಲ, ಕಾಲಿಗೂ ಆಗಿರಲಿಲ್ಲ. ಓಡುವಾಗ ಕಾಲಿನ ಸ್ನಾಯು ಪ್ರತಿ ಹೆಜ್ಜೆಗೂ ಬಿಗಿದು ಸಡಿಲವಾಗುತ್ತದೆ, ಸಡಿಲವಾದಾಗಲೆಲ್ಲ ಹೊಸ ರಕ್ತ ಒಳಗೆ ನುಗ್ಗುತ್ತದೆ. ಕಂಬಿಯನ್ನೋ ಹಗ್ಗವನ್ನೋ ಬಿಗಿಯಾಗಿ ಹಿಡಿದೇ ಇರುವಾಗ ಹಾಗಲ್ಲ. ಬಿಗಿದ ಸ್ನಾಯುವೇ ತನ್ನೊಳಗಿನ ರಕ್ತನಾಳಗಳನ್ನು ಹಿಸುಕಿ ರಕ್ತ ಬರುವ ದಾರಿಯನ್ನು ಮುಚ್ಚುತ್ತದೆ. ಎಷ್ಟೇ ಒಳ್ಳೆಯ ಹೃದಯವಿರಲಿ, ರಕ್ತ ತಲುಪದ ಮುಂಗೈಗೆ ಅದು ಯಾವ ನೆರವನ್ನೂ ನೀಡಲಾರದು. ಎರಡು ವರ್ಷ ನಾನು ಬೆಳೆಸಿದ ದಮ್ಮು ಆ ಹಗ್ಗದ ಮೇಲೆ ಏನೇನೂ ಉಪಯೋಗಕ್ಕೆ ಬಾರದೆ ಎದೆಯಲ್ಲೇ ಉಳಿಯಿತು.

ಮೂರು ಅಡೆತಡೆಗಳಲ್ಲಿ ಸೋತು ಒಟ್ಟು 90 ಬರ್ಪಿ ಮಾಡಿ ಓಟ ಮುಗಿಸಿದೆ. ಕೊನೆಗೆ ಒಂದು ಕಡೆ ಕುಳಿತು ಶೂ ಬಿಚ್ಚಲು ಹೋದರೆ ಲೇಸಿನ ಗಂಟನ್ನು ಹಿಡಿಯುವಷ್ಟೂ ಬಲ ಬೆರಳುಗಳಲ್ಲಿರಲಿಲ್ಲ. ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ಬೇಸರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಷ್ಟೇ ತೀವ್ರವಾಗಿ ಇನ್ನೊಮ್ಮೆ ಬರಬೇಕೆಂದೂ ಅನಿಸಿತ್ತು.

ಮರುವಾರವೇ ಕಂಬಿಗೆ ಜೋತುಬೀಳುವ ಅಭ್ಯಾಸ ಆರಂಭಿಸಿದೆ. ಮೊದಲ ದಿನ 18 ಸೆಕೆಂಡ್. ಹತ್ತು ದಿನಗಳಲ್ಲಿ 35. ಸ್ನಾಯುಗಳು ಬೇಗ ಕಲಿಯುತ್ತಿದ್ದವು, ಅಂಕಿ ಏರುತ್ತಿತ್ತು, ದಿನಕ್ಕೆ ಒಂದು ಬಾರಿಯಿದ್ದದ್ದು ಮೂರಾಯಿತು, ಹಗ್ಗವೂ ಸೇರಿತು. ನಾಲ್ಕನೆಯ ವಾರ ನೀರಿನ ಪಾತ್ರೆಯೊಂದನ್ನು ಎತ್ತುವಾಗ ಬಲ ಮೊಣಕೈಯ ಒಳಬದಿಯಲ್ಲಿ, ಮೂಳೆ ಉಬ್ಬಿರುವ ಜಾಗದಲ್ಲಿ, ಸಣ್ಣಗೆ ಚಳಕು ಹೊಡೆಯಿತು. ಮಣಿಕಟ್ಟನ್ನೂ ಬೆರಳುಗಳನ್ನೂ ಮಡಚುವ ಹಲವು ಸ್ನಾಯುಗಳು ಒಂದೇ ರಜ್ಜುವಾಗಿ ಬಂದು ಮೂಳೆಗೆ ಅಂಟಿಕೊಳ್ಳುವುದು ಅಲ್ಲಿಯೇ. ರಕ್ತಸಂಚಾರ ಕಡಿಮೆಯಿರುವ ಈ ಸ್ನಾಯುರಜ್ಜುಗಳೂ ಮೂಳೆಯಂತೆಯೇ ತಿಂಗಳುಗಳ ಲೆಕ್ಕದಲ್ಲಿ ಗಟ್ಟಿಯಾಗುವಂಥವು. ಪಾತ್ರೆಯನ್ನು ಕೆಳಗಿಟ್ಟು ನಾನು ದಿನಚರಿಯನ್ನು ತೆಗೆದು, ಮೊದಲ ವರ್ಷದ ಆ ಎರಡು ಗೆರೆಗಳ ಪುಟವನ್ನು ನೋಡಿದೆ. ಜಾಗ ಬೇರೆ, ತಪ್ಪು ಅದೇ. ವ್ಯತ್ಯಾಸವೆಂದರೆ ಈ ಬಾರಿ ಮೂರನೆಯ ವಾರದ ನೋವಿಗೆ ಕಾಯದೆ ಮೊದಲ ಚಳಕಿಗೇ ನಿಲ್ಲಿಸಿದೆ. ಕಂಬಿಯನ್ನು ಆರು ದಿನ ಮುಟ್ಟಲಿಲ್ಲ. ಆಮೇಲೆ ವಾರಕ್ಕೆ ಎರಡೇ ದಿನ, ಪಾದಗಳನ್ನು ನೆಲಕ್ಕೆ ತಾಗಿಸಿಕೊಂಡು ಅರ್ಧ ತೂಕವನ್ನಷ್ಟೇ ಕೈಗೆ ಕೊಟ್ಟು ಮರಳಿ ಆರಂಭಿಸಿದೆ. ಹಗ್ಗದ ಮೇಲೆ ತೋಳಿನ ಬಲವನ್ನು ಬಿಟ್ಟು ಪಾದದಿಂದ ಅದುಮಿ ನಿಲ್ಲುವುದನ್ನೇ ನೆಲದಿಂದ ಎರಡಡಿ ಎತ್ತರದಲ್ಲಿ ನೂರಾರು ಬಾರಿ ಮಾಡಿದೆ.

ಮರುವರ್ಷ ಅದೇ ದೂರದ ಓಟದಲ್ಲಿ ಹಗ್ಗದ ತುದಿಯ ಗಂಟೆಯನ್ನು ಬಾರಿಸಿದೆ. ಅದರ ಸದ್ದು ನಾನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು, ಕೆಳಗಿದ್ದವರಿಗೆ ಕೇಳಿಸಿತೋ ಇಲ್ಲವೋ. ಮಂಕಿ ಬಾರ್ ಮಾತ್ರ ಇನ್ನೂ ಬಾಕಿಯಿದೆ, ಕೊನೆಯ ಎರಡು ಕಂಬಿಗಳಿರುವಾಗ ಈ ಬಾರಿಯೂ ಬಿದ್ದೆ. ಈ ವಾರದ ಪುಟದಲ್ಲಿ ಇರುವುದು ಇಷ್ಟು: ಓಟ 28 ಕಿಲೋಮೀಟರ್, ಎಲ್ಲವೂ ನಿಧಾನ. ಕಂಬಿ 52 ಸೆಕೆಂಡ್, ಎರಡು ದಿನ. ಎಡಗಾಲು ಸರಿಯಿದೆ. ಬಲ ಮೊಣಕೈ ಬೆಳಿಗ್ಗೆ ಸ್ವಲ್ಪ ಬಿಗಿ, ಹಾಗಾಗಿ ಶುಕ್ರವಾರದ ಅಭ್ಯಾಸ ಬಿಟ್ಟಿದ್ದೇನೆ.