ಅಳದೇ ಸುದ್ದಿ ಓದಿದವರು

2017ರ ಏಪ್ರಿಲ್. ಛತ್ತೀಸಗಢದ ಐಬಿಸಿ 24 ಚಾನೆಲ್‌ನಲ್ಲಿ ಸುಪ್ರೀತ್ ಕೌರ್ ಬೆಳಗಿನ ಸುದ್ದಿ ಓದುತ್ತಿದ್ದರು. ಮಹಾಸಮುಂದ್ ಜಿಲ್ಲೆಯಲ್ಲಿ ಕಾರು ಅಪಘಾತ, ಐವರಲ್ಲಿ ಮೂವರ ಸಾವು ಅಂತ ವರದಿಗಾರ ಫೋನಿನಲ್ಲಿ ಹೇಳಿದರು. ಹೆಸರು ಹೇಳಲಿಲ್ಲ. ಆದರೆ ಯಾವ ಕಾರು, ಯಾವ ಜಾಗ ಅಂತ ಕೇಳಿದ ಕೂಡಲೇ ಅದರಲ್ಲಿ ತನ್ನ ಗಂಡ ಇದ್ದಾರೆ ಅಂತ ಅವರಿಗೆ ಹೊಳೆದುಬಿಟ್ಟಿತು. ಆದರೂ ಬುಲೆಟಿನ್ ಮುಗಿಸಿದರು. ಅತ್ತಿದ್ದು ಸ್ಟುಡಿಯೊದಿಂದ ಹೊರಗೆ ಬಂದ ಮೇಲೆ.

ಆ ತುಣುಕು ದೇಶದ ತುಂಬಾ ಓಡಾಡಿತು. ಎಂಥ ಗಟ್ಟಿಗಿತ್ತಿ ಅಂತ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ, ನಾಲ್ಕು ಜನಕ್ಕೆ ಕಳಿಸಿದೆ ಕೂಡ. ಆಮೇಲೆ ಒಂದು ವರದಿಯಲ್ಲಿ ಇನ್ನೊಂದು ಮಾತು ಕಣ್ಣಿಗೆ ಬಿತ್ತು. ಅವರು ಓದುತ್ತಿರುವಾಗಲೇ ಸಹೋದ್ಯೋಗಿಗಳಿಗೆ ಅವರ ಗಂಡ ತೀರಿಕೊಂಡ ವಿಷಯ ಗೊತ್ತಾಗಿತ್ತಂತೆ, ಹೇಳೋ ಧೈರ್ಯ ಬರಲಿಲ್ಲವಂತೆ. ಅದನ್ನು ಓದಿದಾಗಿನಿಂದ ನನಗೆ ಕಾಡೋದು ಪರದೆ ಮೇಲಿನ ಮುಖಕ್ಕಿಂತ ಆ ಸಹೋದ್ಯೋಗಿಗಳಿದ್ದ ಒಳಗಿನ ಕೋಣೆಯೇ. ಒಂದು ಬ್ರೇಕ್ ತಗೊಂಡು ಅವರನ್ನು ಎಬ್ಬಿಸಿ ಕರೆದುಕೊಂಡು ಹೋಗಬಹುದಿತ್ತು ಅಲ್ವಾ? ಯಾರನ್ನೂ ಬೈಯುತ್ತಿಲ್ಲ. ಸಾವಿನ ಸುದ್ದಿ ಮುಟ್ಟಿಸೋದು ಎಷ್ಟು ಕಷ್ಟ ಅಂತ ನಮ್ಮ ಮನೆಯಲ್ಲೂ ನೋಡಿದ್ದೇನೆ. ಆದರೆ ಅಳದೇ ಇದ್ದದ್ದನ್ನೇ ದೊಡ್ಡದು ಮಾಡಿ ತೋರಿಸಿದರೆ, ನಾಳೆ ಇನ್ನೊಬ್ಬ ವರದಿಗಾರ್ತಿ ತನ್ನ ಊರಿನ ಸಾವಿನ ಮುಂದೆ ಮೈಕ್ ಹಿಡಿದು ನಿಂತಾಗ ಕಣ್ಣೀರು ಬಂದರೆ ಅದು ಅವಳ ಸೋಲು ಅಂತಾಗುತ್ತದೆ. ಇದು ನನಗೆ ಸಹಿಸೋಕಾಗುವುದಿಲ್ಲ.

ಅಮೆರಿಕದ ವರ್ಜೀನಿಯಾದ ಸಣ್ಣ ಚಾನೆಲ್ ಡಬ್ಲ್ಯೂಡಿಬಿಜೆಯದು ಬೇರೆಯೇ ಕಥೆ. 2015ರ ಆಗಸ್ಟ್ 26ರಂದು ಅದರ ವರದಿಗಾರ್ತಿ ಅಲಿಸನ್ ಪಾರ್ಕರ್, ಕ್ಯಾಮೆರಾಮನ್ ಆ್ಯಡಮ್ ವಾರ್ಡ್ ನೇರ ಪ್ರಸಾರದಲ್ಲೇ ಗುಂಡಿಗೆ ಬಲಿಯಾದರು. ವಾರ್ಡ್ ಮದುವೆಯಾಗಬೇಕಿದ್ದ ಹುಡುಗಿ ಅದೇ ಕಾರ್ಯಕ್ರಮದ ಪ್ರೊಡ್ಯೂಸರ್. ಆಕೆ ಕಂಟ್ರೋಲ್ ರೂಮಿನಲ್ಲಿ ಕೂತು ಅದನ್ನು ನೋಡಬೇಕಾಯಿತು.

ಮರುದಿನ ಬೆಳಿಗ್ಗೆ ಕಾರ್ಯಕ್ರಮ ನಿಲ್ಲಲಿಲ್ಲ. ಆದರೆ ಯಾರೂ ಏನೂ ಆಗದವರ ಹಾಗೆ ಕೂರಲಿಲ್ಲ. ಹವಾಮಾನ ಹೇಳುವವನ ಕಣ್ಣು ತುಂಬಿತ್ತು, ಇಂಥ ದಿನ ಹವಾಮಾನ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ ಅಂತ ನೇರವಾಗಿಯೇ ಅಂದ. ಹಿಂದಿನ ದಿನ ಗುಂಡು ಹಾರಿದ 6.45ಕ್ಕೆ ಸರಿಯಾಗಿ ಎಲ್ಲರೂ ಸುಮ್ಮನಾದರು. ಮೇಜಿನ ಹಿಂದೆ ಕೂತವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಮೇಲೆ ಮತ್ತೆ ಸುದ್ದಿ ಓದಿದರು.