ಲಾಕ್‌ಡೌನ್ ಕಾಲದ ನಮ್ಮ ಓಣಿ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು ನೋಡಿ, ವಿಜಯಪುರದ ನಮ್ಮ ಓಣಿಯ ರೀತಿಯೇ ಬದಲಾಯಿತು. ಗೋಳಗುಮ್ಮಟಕ್ಕೆ ಅದಕ್ಕೂ ಮೊದಲೇ ಬೀಗ ಬಿದ್ದಿತ್ತು.

ನನಗೆ ಜಾಸ್ತಿ ನೆನಪಿರುವುದು ದ್ರಾಕ್ಷಿ. ಇಲ್ಲಿ ಅದು ಕಟಾವಿನ ಕಾಲ. ಹೊರಗಿನ ವ್ಯಾಪಾರಿಗಳು ಬರಲಿಲ್ಲ, ಲಾರಿ ಸಿಗಲಿಲ್ಲ, ಹಾಗಾಗಿ ತಿಕೋಟಾ ಕಡೆಯ ರೈತರೊಬ್ಬರು ಟಂಟಂನಲ್ಲಿ ಕ್ರೇಟ್ ತುಂಬಿಕೊಂಡು ಓಣಿಗೇ ಬಂದು "ಅಕ್ಕಾರ, ಎಷ್ಟರೆ ಕೊಡ್ರಿ, ತಗೊಳ್ರಿ" ಅಂತ ಕೂಗುತ್ತಿದ್ದರು. ಚೌಕಾಸಿಗೆ ಹೆಸರಾದ ನಮ್ಮ ಎದುರುಮನೆ ಅಜ್ಜಿ ಅವತ್ತು ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು. ಉಳಿದದ್ದನ್ನು ಒಣದ್ರಾಕ್ಷಿ ಮಾಡಬಹುದಿತ್ತು ಅಂತ ಸುಮ್ನೆ ಹೇಳುವವರಿದ್ದಾರೆ. ಅದಕ್ಕೂ ಶೆಡ್ಡು, ಹಣ್ಣು ಅದ್ದೋಕೆ ಎಣ್ಣೆ, ಆಳು ಬೇಕಲ್ವಾ?

ಕ್ಷೌರದಂಗಡಿ ಮುಚ್ಚಿತ್ತು. ಮಾಳಿಗೆ ಮೇಲೆ ಅಣ್ಣತಮ್ಮಂದಿರು ಒಬ್ಬರ ತಲೆಯನ್ನು ಒಬ್ಬರು ಕೆತ್ತುತ್ತಿದ್ದರು. ಓಣಿಗೆಲ್ಲ ಅದೇ ಮನರಂಜನೆ. ಹಿಂದೆ ಜಗಳವಾಡಿ ಮಾತು ಬಿಟ್ಟಿದ್ದ ಎರಡು ಮನೆಯವರು ಆ ಮಾಳಿಗೆಗಳಿಂದಲೇ ಕೈ ಚಾಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ತೆಗೆದುಕೊಳ್ಳೋಕೆ ಶುರು ಮಾಡಿದರು, ಅದೂ ಮಾಸ್ಕ್ ಹಾಕಿಕೊಂಡೇ. ಈಗ ಮತ್ತೆ ಮಾತು ಬಿಟ್ಟಿದ್ದಾರೆ. ಈ ಸಲ ನಳದ ನೀರಿನ ಪಾಳಿ ಸಲುವಾಗಿ.