ನಾಟ್ ಗೇವ್, ಮೇಡಂ

"ಡಿಡ್ ಯು ಗಿವ್, ಮೇಡಂ. ನಾಟ್ ಗೇವ್."

ಶನಿವಾರ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿದ ಮಾತು. ವಾರ ಮುಗಿಯುತ್ತಾ ಬಂದರೂ ತಲೆಯಿಂದ ಇಳಿದಿಲ್ಲ. ಹೇಳಿದವರು ನಾಲ್ಕನೇ ಕ್ಲಾಸಿನ ಮಿಸ್. ಹೇಳಿಸಿಕೊಂಡವರು ನನ್ನ ಪಕ್ಕ ಕೂತಿದ್ದ ತಾಯಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರ ಮಗ, ನನ್ನ ಮಗಳು ಒಂದೇ ಸೆಕ್ಷನ್.

ಹುಡುಗನಿಗೆ ಜ್ವರ ಬಂದು ಒಂದಷ್ಟು ದಿನ ಸ್ಕೂಲ್ ತಪ್ಪಿತ್ತು. ಆಗಲೇ ಗಣಿತದಲ್ಲಿ ಭಿನ್ನರಾಶಿ ಶುರುವಾಗಿತ್ತು. ಅದರ ಶೀಟ್ ಅವನ ಕೈಗೆ ಬಂದಿರಲೇ ಇಲ್ಲ, ಟೆಸ್ಟ್ ಮಾತ್ರ ಬಂತು. ಮಾರ್ಕ್ಸ್ ಎಷ್ಟು ಬಂದಿರಬಹುದು ಅಂತ ಬೇರೆ ಹೇಳಬೇಕಿಲ್ಲ. ಅದನ್ನು ಕೇಳಲೆಂದೇ ಆಕೆ ಎದ್ದು ನಿಂತರು. "ಮಿಸ್, ಡಿಡ್ ಯು ಗೇವ್ ಮ್ಯಾಥ್ಸ್ ಶೀಟ್ ಟು ಹಿಮ್?"

ಮಿಸ್ ತಿದ್ದಿದರು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಕೆ "ಸಾರಿ ಮಿಸ್" ಅಂದು ಕೂತುಬಿಟ್ಟರು. ಮಿಸ್ ಮುಂದಿನ ಹೆಸರು ಕರೆದರು.

ಶೀಟ್ ಕೊಟ್ಟಿದ್ರಾ, ಇಲ್ವಾ? ಅದಕ್ಕೆ ಉತ್ತರ ಬರಲೇ ಇಲ್ಲ! ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಪ್ರಶ್ನೆ ಅಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ಅರ್ಥವಾಗದೆ ತಿದ್ದಲು ಆಗುತ್ತಿತ್ತಾ?

ಮಿಸ್ ಕೆಟ್ಟವರಲ್ಲ. ಮಕ್ಕಳಿಗೆ ಅವರೆಂದರೆ ಇಷ್ಟ. ಸಂಬಳ ಕಮ್ಮಿ, ಪ್ರಿನ್ಸಿಪಾಲರ ಕಣ್ಣು ಜಾಸ್ತಿ. ಆದರೆ ಅದೇ ಮೀಟಿಂಗಿನಲ್ಲಿ ಅವರೇ ಒಬ್ಬ ಅಪ್ಪನಿಗೆ "ಯುವರ್ ಡಾಟರ್ ಈಸ್ ಹ್ಯಾವಿಂಗ್ ಗುಡ್ ಮೆಮೊರಿ" ಅಂದರು. ಇರುವುದನ್ನು ಹೇಳುವಾಗ ಹ್ಯಾವ್‌ಗೆ ಐಎನ್‌ಜಿ ಹಚ್ಚುವುದಿಲ್ಲ, ಸುಮ್ನೆ "ಹ್ಯಾಸ್" ಸಾಕು. ಅದನ್ನು ಯಾರೂ ತಿದ್ದಲಿಲ್ಲ. ತಿದ್ದುವುದು ಯಾವಾಗಲೂ ಮೇಲಿಂದ ಕೆಳಕ್ಕೇ, ಅಲ್ವಾ? ಟೇಬಲ್ಲಿನ ಆ ಕಡೆ ಕೂತವರ ವ್ಯಾಕರಣ ಯಾರಿಗೂ ಕೇಳಿಸುವುದಿಲ್ಲ.

ಹೊರಗೆ ಬಸ್ಸಿಗೆ ಕಾಯುವಾಗ ಆಕೆ ಮೆಲ್ಲಗೆ ಕೇಳಿದರು. "ಅಕ್ಕ, ಅದ್ಯಾಕೆ ಗಿವ್? ಕೊಡೋದು ಬಿಡೋದು ಮುಗಿದು ಹೋದ ವಿಷಯ ತಾನೆ? ಮುಗಿದಿದ್ದಕ್ಕೆ ಗೇವ್ ಅಂತಲ್ವಾ ನಮಗೆ ಹೇಳಿಕೊಟ್ಟಿದ್ದು?"

ಒಳ್ಳೆಯ ಪ್ರಶ್ನೆ. ನಾವಿಬ್ಬರೂ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಕಲಿತವರು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟೊತ್ತಿಗೆ ನಮ್ಮ ಶಾಲೆ ಮುಗಿದಿತ್ತು. ನಾವು ಕಲಿತದ್ದು ಗೋ-ವೆಂಟ್-ಗಾನ್, ಗಿವ್-ಗೇವ್-ಗಿವನ್, ಥೇಟ್ ಮಗ್ಗಿಯ ಥರ. ಆಮೇಲೆ ಹನ್ನೆರಡು ಮನೆಗಳ ಟೆನ್ಸ್ ಟೇಬಲ್. ಮೂರು ಕಾಲ, ಒಂದೊಂದಕ್ಕೆ ನಾಲ್ಕು. ಕೊನೆಯ ಮನೆಯಲ್ಲಿ "ಐ ಶಲ್ ಹ್ಯಾವ್ ಬೀನ್ ಈಟಿಂಗ್". ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಅದನ್ನು ಕೇಳಿಲ್ಲ. ದಿನಾ ಬೇಕಾಗುವ "ಡಿಡ್ ಯು" ಮಾತ್ರ ಒಂದು ಸಾಲಿನ ರೂಲ್: ಡಿಡ್ ಬಂದರೆ ಮೊದಲನೇ ರೂಪ. ಯಾಕೆ ಅಂತ ಕೇಳಿದವರಿಗೆ ರೂಲ್ ಅಂದರೆ ರೂಲ್.

ನಾನು ಹೀಗೆ ಕೇಳಿದೆ. "ಕೊಟ್ಟೆ ಅಂತೀವಿ. ಕೊಡದೇ ಇದ್ರೆ ಏನಂತೀವಿ?"

"ಕೊಡ್ಲಿಲ್ಲ."

"ಕೊಟ್ಟಲಿಲ್ಲ ಅನ್ನಲ್ಲ ಅಲ್ವಾ? ಹೋದೆ, ಹೋಗಲಿಲ್ಲ. ಹೋದಲಿಲ್ಲ ಅಂತ ಚಿಕ್ಕ ಮಕ್ಕಳೂ ಅನ್ನಲ್ಲ. ಕಳೆದು ಹೋದದ್ದು ಅಂತ ಹೇಳೋ ಕೆಲಸ 'ಲಿಲ್ಲ'ದ್ದು. ಅದಕ್ಕೇ ಕೊಡು, ಹೋಗು ಹಾಗೇ ಇರ್ತವೆ. ಇಂಗ್ಲಿಷಲ್ಲಿ ಆ ಕೆಲಸ ಡಿಡ್ ಮಾಡುತ್ತೆ. ಇಲ್ಲ ಅನ್ನೋವಾಗಲೂ ಡಿಡ್, ಕೇಳೋವಾಗಲೂ ಡಿಡ್. ಕಾಲ ಒಂದು ಸಲ ಹೇಳಿದ್ರೆ ಸಾಕು."

ಆಕೆ ಒಂದು ಕ್ಷಣ ಯೋಚಿಸಿದರು. "ಹಾಗಾದ್ರೆ 'ಡಸ್ ಹಿ ಗೋಸ್' ಅಂದ್ರೂ ತಪ್ಪೇ? ಎಸ್ ಆಗಲೇ ಡಸ್‌ನಲ್ಲಿ ಬಂತಲ್ಲ."

ನಾನು ಹೇಳಿರಲೇ ಇಲ್ಲ. ತಾವೇ ಹಿಡಿದರು. ಅಳತೆ ಹಿಡಿದು ಬಟ್ಟೆ ಕತ್ತರಿಸುವ ತಲೆ, ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ಹೊಂದಿಸಲು ಗೊತ್ತು. ಇಂಥವರಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ ಅಂತ ಯಾರು ತೀರ್ಮಾನ ಮಾಡಿದ್ದೋ!

ಇಂಗ್ಲಿಷ್ ಮನೆಮಾತಾದ ಮಕ್ಕಳೂ ಮಾತು ಕಲಿಯುವಾಗ ಇಂಥದ್ದೇ ತಪ್ಪು ಮಾಡುತ್ತಾರೆ. "ವೆಂಟ್" ಬದಲು ಗೋಗೆ ಇಡಿ ಹಚ್ಚಿ "ಗೋಡ್" ಅನ್ನುತ್ತಾರೆ, ಕಾಲವನ್ನು ಎರಡೆರಡು ಕಡೆ ಹಾಕುತ್ತಾರೆ. ಅವರಮ್ಮಂದಿರು ಮುದ್ದು ಮಾಡುತ್ತಾರೆ. ನಮ್ಮಲ್ಲಿ ದೊಡ್ಡವರು ಅದೇ ತಪ್ಪು ಮಾಡಿದರೆ ಕಿಸಕ್ ಅನ್ನುತ್ತಾರೆ. "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಅಂದವರನ್ನೂ ಬಿಡುವುದಿಲ್ಲ. ಕನ್ನಡದಲ್ಲಿ "ನಿನ್ನೆ ನೋಡಿದ್ದೇನೆ" ಅನ್ನುವುದು ಸರಿಯಾಗೇ ಇದೆ, ಆ ಅಭ್ಯಾಸದಲ್ಲಿ ಬಂದ ಮಾತದು. ಇಂಗ್ಲಿಷಿನ ಹ್ಯಾವ್‌ಗೆ ಮಾತ್ರ ನಿನ್ನೆ, ಮೊನ್ನೆ ಆಗಿಬರುವುದಿಲ್ಲ.

ಅಲ್ಲ, ಆಕೆ ಇಂಗ್ಲಿಷಿನಲ್ಲಿ ಯಾಕೆ ಕೇಳಬೇಕಿತ್ತು? ಮಿಸ್ ಮನೆಯಲ್ಲಿ ಕನ್ನಡವೇ. ಪ್ರಿನ್ಸಿಪಾಲ್ ಮನೆಯಲ್ಲೂ ಅದೇ. ಆದರೆ ಆ ಗೇಟು ದಾಟಿದ ತಕ್ಷಣ ಕನ್ನಡದಲ್ಲಿ ಕೇಳಿದರೆ ಮಗನ ಲೆವೆಲ್ ಇಳಿದುಬಿಡುತ್ತೆ ಅಂತ ಆಕೆಗೆ ಭಯ. ಆ ಭಯ ಪೂರ್ತಿ ಸುಳ್ಳು ಅಂತ ಹೇಳುವ ಧೈರ್ಯ ನನಗೂ ಇಲ್ಲ. ಫೀಸ್ ಕಟ್ಟುವವರು ನಾವು, ಕೈಕಟ್ಟಿ ನಿಲ್ಲುವವರೂ ನಾವೇ.

ಭಾನುವಾರ ಆಕೆ ಮನೆಗೆ ಬಂದರು, ನನ್ನ ಮಗಳ ಶೀಟ್ ಜೆರಾಕ್ಸ್ ಮಾಡಿಸಿಕೊಳ್ಳಲು. "ಮಿಸ್ ಹತ್ರ ಇನ್ನೊಂದ್ಸಲ ಕೇಳಿ, ಈಗ ಸರಿಯಾಗಿ ಬರುತ್ತಲ್ಲ" ಅಂದೆ.

"ಬೇಡ ಬಿಡಿ ಅಕ್ಕ. ಮುಂದಿನ ಮೀಟಿಂಗಿಗೆ ನಮ್ಮ ಯಜಮಾನ್ರನ್ನೇ ಕಳಿಸ್ತೀನಿ."

"ಅವರಿಗೆ ಇಂಗ್ಲಿಷ್ ಬರುತ್ತಾ?"

"ಒಂದಕ್ಷರ ಬರಲ್ಲ. ಕನ್ನಡದಲ್ಲೇ ಜೋರು ಮಾಡ್ತಾರೆ."